ಇಲ್ಲದ ಮೋಡೆಮ್: ಎರಡು ಕಂಪ್ಯೂಟರ್‌ಗಳ ನಡುವಿನ ಒಂದು ತಂತಿಯ ಕಥೆ



ಒಂದೇ ಮೇಜಿನ ಮೇಲೆ ಎರಡು ಕಂಪ್ಯೂಟರ್ ಇವೆ ಅನ್ನಿ. ಇದರಲ್ಲಿರುವ ಫೋಟೋಗಳು ಅದಕ್ಕೆ ಹೋಗಬೇಕು. ನಾವೇನು ಮಾಡುತ್ತೇವೆ? ನಮಗೆ ನಾವೇ ಇ-ಮೇಲ್ ಕಳಿಸಿಕೊಳ್ಳುತ್ತೇವೆ, ಇಲ್ಲವೇ ಕ್ಲೌಡ್‌ಗೆ ಏರಿಸಿ ಮತ್ತೆ ಇಳಿಸಿಕೊಳ್ಳುತ್ತೇವೆ. ಎರಡು ಅಡಿ ದಾಟಬೇಕಾದ ಫೈಲು ಎಲ್ಲೋ ದೂರದಲ್ಲಿರುವ ಯಾರದೋ ಯಂತ್ರವನ್ನು ಮುಟ್ಟಿ ಬರುತ್ತದೆ. ನಡುವೆ ಮೂರನೆಯವರಿಲ್ಲದೆ ಎರಡು ಯಂತ್ರಗಳನ್ನು ನೇರವಾಗಿ ಮಾತಾಡಿಸಲು ಒಂದು ಕಾಲದಲ್ಲಿ ಜನ ಪಟ್ಟ ಪಾಡು ಸ್ವಾರಸ್ಯವಾಗಿದೆ. ಇವತ್ತು ಅದನ್ನೇ ಹೇಳುತ್ತೇನೆ.

ತೊಡಕಿನ ಬೇರು 1960ರಲ್ಲಿದೆ. ಆ ವರ್ಷ ಅಮೆರಿಕದ ಎಲೆಕ್ಟ್ರಾನಿಕ್ ಇಂಡಸ್ಟ್ರೀಸ್ ಅಸೋಸಿಯೇಷನ್ ಆರ್‌ಎಸ್-232 ಎಂಬ ನಿಯಮ ತಂದಿತು. ಅದು ಇಬ್ಬರು ಸಮಾನರಿಗಾಗಿ ಮಾಡಿದ್ದಲ್ಲ. ಒಂದು ಕಡೆ ಟರ್ಮಿನಲ್, ಇನ್ನೊಂದು ಕಡೆ ಅದರ ಮಾತನ್ನು ಫೋನ್ ಲೈನಿಗೆ ಒಪ್ಪಿಸುವ ಮೋಡೆಮ್. ಇವೆರಡರ ನಡುವಿನ ಒಪ್ಪಂದ ಅದು. 25 ಪಿನ್ನಿನ ಆ ಕನೆಕ್ಟರಿನಲ್ಲಿ ಟರ್ಮಿನಲ್‌ಗೆ 2ನೇ ಪಿನ್ ಬಾಯಿ, 3ನೇ ಪಿನ್ ಕಿವಿ. ಮೋಡೆಮ್‌ಗೆ ಇದು ತಿರುಗುಮುರುಗು. ಹಾಗಾಗಿ ನೇರ ತಂತಿ ಹಾಕಿದರೆ ಬಾಯಿಗೆ ಕಿವಿ ಸಿಗುತ್ತಿತ್ತು.

ಮುಂದೆ ಮನೆಗೆ ಬಂದ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಟರ್ಮಿನಲ್ಲಿನ ವೇಷದಲ್ಲೇ ಬಂದವು. ಅಂಥ ಎರಡನ್ನು ನೇರ ತಂತಿಯಿಂದ ಜೋಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ. ಪರಿಹಾರ ಬೆಸುಗೆ ಕಡ್ಡಿಯಲ್ಲಿತ್ತು: 2 ಮತ್ತು 3ನೇ ತಂತಿಗಳನ್ನು ಅದಲುಬದಲು ಮಾಡಿ, ‘ಸಿದ್ಧವಿದ್ದೀಯಾ?’ ಎಂದು ಕೇಳುವ ಉಳಿದ ತಂತಿಗಳನ್ನೂ ತಕ್ಕಂತೆ ತಿರುಗಿಸುವುದು. ಆಗ ಎರಡೂ ಯಂತ್ರಗಳು ಎದುರಿಗಿರುವುದು ಮೋಡೆಮ್ ಎಂದೇ ನಂಬುತ್ತವೆ. ಇದಕ್ಕೆ ಇಟ್ಟ ಹೆಸರು ನಲ್ ಮೋಡೆಮ್, ಅಂದರೆ ಇಲ್ಲದ ಮೋಡೆಮ್. ನನ್ನ ಮಟ್ಟಿಗೆ ಕಂಪ್ಯೂಟರ್ ಲೋಕದ ಅತ್ಯಂತ ಪ್ರಾಮಾಣಿಕ ಹೆಸರು ಇದೇ.

ತಂತಿ ಸಿಕ್ಕಿತು; ಅದರ ಮೇಲೆ ಮಾತು ಕೆಡದಂತೆ ದಾಟಿಸುವವರು ಬೇಕಲ್ಲ? 1977ರಲ್ಲಿ ಶಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ ಫೋನ್ ಲೈನಿನ ಮೇಲೆ ಫೈಲು ಕಳಿಸಲು ಬರೆದ ಕ್ರಮವೇ ಎಕ್ಸ್‌ಮೋಡೆಮ್. ಫೈಲನ್ನು 128 ಬೈಟ್‌ಗಳ ತುಂಡು ಮಾಡಿ, ಪ್ರತಿ ತುಂಡಿನ ಜೊತೆ ಅದರ ಮೊತ್ತವನ್ನೂ ಕಳಿಸುವುದು. ಪಡೆದವನು ತಾನೂ ಕೂಡಿ ನೋಡಿ, ಸರಿಯಿದ್ದರೆ ‘ಸರಿ’, ಇಲ್ಲದಿದ್ದರೆ ‘ಮತ್ತೆ ಕಳಿಸು’. ಕಿರಾಣಿ ಅಂಗಡಿಯ ಚೀಟಿ ತಾಳೆ ನೋಡಿದ ಹಾಗೆ. ಕ್ರಿಸ್ಟೆನ್ಸನ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು; ನಲ್ ಮೋಡೆಮ್ ತಂತಿಗೂ ಅದೇ ಒದಗಿತು.

ನಿಜವಾದ ತುರ್ತು ಎದ್ದದ್ದು ಲ್ಯಾಪ್‌ಟಾಪ್ ಬಂದಾಗ. ಮೇಜಿನ ಕಂಪ್ಯೂಟರುಗಳಲ್ಲಿ ಐದೂಕಾಲು ಇಂಚಿನ ಫ್ಲಾಪಿ. 1986ರ ಐಬಿಎಂ ಪಿಸಿ ಕನ್ವರ್ಟಿಬಲ್‌ನಂಥ ಒಯ್ಯುವ ಯಂತ್ರಗಳಲ್ಲಿ ಮೂರೂವರೆ ಇಂಚಿನದು. ಇದರ ತಟ್ಟೆ ಅದರ ಬಾಯಿಗೆ ಹೋಗದು. ಸಿಯಾಟಲ್ ಪ್ರದೇಶದ ಟ್ರಾವೆಲಿಂಗ್ ಸಾಫ್ಟ್‌ವೇರ್ ಕಂಪನಿ ಇದಕ್ಕಾಗಿಯೇ ಲ್ಯಾಪ್‌ಲಿಂಕ್ ಮಾರಿತು. ಅದರ ಸೀರಿಯಲ್ ಕೇಬಲ್ಲಿಗೆ ನಾಲ್ಕು ತಲೆ: ಎರಡೂ ತುದಿಗಳಲ್ಲಿ 25 ಪಿನ್ನಿನದೊಂದು, 9 ಪಿನ್ನಿನದೊಂದು. 9 ಪಿನ್ನಿನ ಕನೆಕ್ಟರ್ 1984ರ ಪಿಸಿ ಎಟಿ ಜೊತೆ ಬಂದದ್ದು. ಸಾಲದ್ದಕ್ಕೆ ಅದರಲ್ಲಿ ಐಬಿಎಂ 2 ಮತ್ತು 3ರ ಕೆಲಸವನ್ನು ಉಲ್ಟಾ ಮಾಡಿತ್ತು!

ವೇಗ? ಸೀರಿಯಲ್ ಪೋರ್ಟಿನ ಗರಿಷ್ಠ ಮಿತಿ ಸೆಕೆಂಡಿಗೆ 1,15,200 ಬಿಟ್. ಒಂದು ಬೈಟಿಗೆ 10 ಬಿಟ್ ಹಿಡಿದರೆ 11,520 ಬೈಟ್. 40 ಎಂಬಿ ಹಾರ್ಡ್ ಡಿಸ್ಕ್ ಪೂರ್ತಿ ದಾಟಲು ಹತ್ತಿರ ಹತ್ತಿರ ಒಂದು ಗಂಟೆ. ಆಮೇಲೆ ಪ್ರಿಂಟರ್ ಪೋರ್ಟನ್ನು ಬಳಸಿಕೊಂಡರು. ಪ್ರಿಂಟರಿಗೆ ಹೇಳುವುದೇ ಹೆಚ್ಚು, ಅದರಿಂದ ಕೇಳುವುದು ಕಡಿಮೆ. ಹಾಗಾಗಿ ಹೊರಹೋಗಲು ಎಂಟು ತಂತಿಗಳಿದ್ದರೆ, ‘ಕಾಗದ ಮುಗಿಯಿತು’ ಮುಂತಾದ ದೂರು ಒಳಬರಲು ಐದೇ ತಂತಿ. ಆ ದೂರಿನ ತಂತಿಗಳಲ್ಲೇ ಒಂದು ಸಲಕ್ಕೆ ಅರ್ಧ ಬೈಟಿನಂತೆ ಫೈಲುಗಳನ್ನು ಒಳಗೆ ತಂದರು. ಅರ್ಧರ್ಧವಾದರೂ ಸೀರಿಯಲ್‌ಗಿಂತ ಎಷ್ಟೋ ವೇಗ.

ಇನ್ನೊಂದು ಗಂಟು ಉಳಿದಿತ್ತು. ಫೈಲು ದಾಟಬೇಕಾದರೆ ಆಚೆಯ ಯಂತ್ರದಲ್ಲೂ ಪ್ರೋಗ್ರಾಂ ಇರಬೇಕು. ಪ್ರೋಗ್ರಾಂ ಇರಬೇಕಾದರೆ ಫೈಲು ದಾಟಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. 1993ರ ಎಂಎಸ್-ಡಾಸ್ 6ರಲ್ಲಿ ಬಂದ ಇಂಟರ್‌ಸರ್ವರ್ ಇದನ್ನು ಚೆಂದವಾಗಿ ಬಿಡಿಸಿತು. ಆಚೆಯ ಕಂಪ್ಯೂಟರಿನಲ್ಲಿ ಎರಡು ಸಾಲು ಟೈಪ್ ಮಾಡಿ, ‘ಇನ್ನು ಕೀಬೋರ್ಡಿನ ಮಾತು ಕೇಳಬೇಡ, ಸೀರಿಯಲ್ ಪೋರ್ಟಿನಿಂದ ಬರುವ ಆಜ್ಞೆ ಕೇಳು’ ಎಂದರಾಯಿತು. ಈಚೆಯದು ತಂತಿಯ ಮೂಲಕವೇ ತನ್ನ ನಕಲನ್ನು ಅಲ್ಲಿ ಇಳಿಸಿಬಿಡುತ್ತಿತ್ತು. ವಿಂಡೋಸ್ 95ರಲ್ಲಿ ಇದು ಡೈರೆಕ್ಟ್ ಕೇಬಲ್ ಕನೆಕ್ಷನ್ ಆಯಿತು. ಒಂದು ಅತಿಥೇಯ, ಒಂದು ಅತಿಥಿ.

ಕನ್ನಡಿಗರಿಗೆ ಒಂದು ಕಷ್ಟ ಹೆಚ್ಚಿತ್ತು. ಆಗಿನ ಕನ್ನಡ ತಂತ್ರಾಂಶಗಳಿಗೆ ತಮ್ಮ ತಮ್ಮದೇ ಫಾಂಟು, ತಮ್ಮ ತಮ್ಮದೇ ಸಂಕೇತ. ತಂತಿ ಪ್ರತಿಯೊಂದು ಬೈಟನ್ನೂ ತಪ್ಪಿಲ್ಲದೆ ಒಪ್ಪಿಸಿ, ಮೊತ್ತವೂ ತಾಳೆಯಾದ ಮೇಲೆ, ತೆರೆಯ ಮೇಲೆ ಕಾಣುತ್ತಿದ್ದದ್ದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಪತ್ರದ ಜೊತೆ ಫಾಂಟನ್ನೂ ಕಳಿಸಬೇಕಿತ್ತು. 1991ರ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೆ ವಿಂಡೋಸ್‌ನೊಳಗೆ ಅದು ಬಂದದ್ದು 2001ರ ಎಕ್ಸ್‌ಪಿಯಲ್ಲಿ.

ಅಷ್ಟರಲ್ಲಿ ಈಥರ್ನೆಟ್ ಮನೆಗೆ ಬಂದಿತ್ತು. ಅಲ್ಲೂ ಅದೇ ಬಾಯಿ-ಕಿವಿಯ ಹಾಡು. ಅದಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ಅದಲುಬದಲು ಮಾಡಿದ ಕ್ರಾಸ್‌ಓವರ್ ಕೇಬಲ್. ಕೊನೆಗೆ ಎಚ್‌ಪಿ ಕಂಪನಿಯ ಎಂಜಿನಿಯರುಗಳು ಈ ತಿರುಚುವಿಕೆಯನ್ನು ಚಿಪ್‌ನೊಳಗೇ ಇಟ್ಟರು. ಅಲ್ಲೊಂದು ಸೂಕ್ಷ್ಮವಿದೆ. ಓಣಿಯಲ್ಲಿ ಎದುರಾದ ಇಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಒಂದೇ ಬದಿಗೆ ಸರಿಯುವುದುಂಟಲ್ಲ, ಎರಡೂ ಚಿಪ್‌ಗಳು ಒಟ್ಟಿಗೇ ತಿರುಗಿಸಿಕೊಂಡರೆ ಅದೇ ಗತಿ. ಹಾಗಾಗಿ ಸರಿಯಬೇಕೋ ನಿಲ್ಲಬೇಕೋ ಎಂಬುದನ್ನು ಪ್ರತಿಯೊಂದೂ ಯಾದೃಚ್ಛಿಕವಾಗಿ, ಚೀಟಿ ಎತ್ತಿದ ಹಾಗೆ, ತೀರ್ಮಾನಿಸುತ್ತದೆ. ಕ್ಷಣಾರ್ಧದಲ್ಲಿ ದಾರಿ ತೆರೆಯುತ್ತದೆ.

ಯುಎಸ್‌ಬಿ ಮಾತ್ರ ಈ ವಿಷಯದಲ್ಲಿ ಹಿಂದಕ್ಕೆ ಹೋಯಿತು ಎನ್ನಬೇಕು. ಅದರ ಲೆಕ್ಕದಲ್ಲಿ ಕಂಪ್ಯೂಟರ್ ಯಜಮಾನ, ಉಳಿದದ್ದೆಲ್ಲ ಪರಿವಾರ. ಎರಡು ಕಂಪ್ಯೂಟರನ್ನು ಸಾದಾ ಯುಎಸ್‌ಬಿ ತಂತಿಯಿಂದ ಜೋಡಿಸುವುದೆಂದರೆ ಮದುವೆಮನೆಯಲ್ಲಿ ಎರಡೂ ಕಡೆಯವರು ಗಂಡಿನ ಕಡೆಯವರೇ ಆದ ಹಾಗೆ, ಉಪಚಾರ ಮಾಡುವವರಿಲ್ಲ. ಎರಡೂ ಕಡೆಯಿಂದ ವಿದ್ಯುತ್ ಹರಿದು ಯಂತ್ರ ಕೆಡಲೂಬಹುದು, ಆ ಪ್ರಯೋಗ ಬೇಡ.

ಮನೆಯ ಕಪಾಟಿನಲ್ಲಿ ಮಕ್ಕಳ ಬಾಲ್ಯದ, ಊರಿನ ಅಜ್ಜ-ಅಜ್ಜಿಯರ ಫೋಟೋಗಳನ್ನು ಹೊತ್ತ ಹಳೆಯ ಲ್ಯಾಪ್‌ಟಾಪ್ ಇದ್ದು, ಅದಿನ್ನೂ ಹೊತ್ತಿಕೊಳ್ಳುತ್ತದಾದರೆ ಸಾದಾ ಈಥರ್ನೆಟ್ ಕೇಬಲ್ ಒಂದನ್ನು ಹುಡುಕಿ. ಹೊಸ ಯಂತ್ರದಲ್ಲಿ ಆ ತೂತು ಇಲ್ಲದಿದ್ದರೆ ಚಿಕ್ಕ ಅಡಾಪ್ಟರ್ ಸಾಕು. ಎರಡನ್ನೂ ನೇರ ಜೋಡಿಸಿ ಒಂದೆರಡು ನಿಮಿಷ ಬಿಡಿ. ವಿಳಾಸ ಕೊಡುವವರು ಯಾರೂ ಇಲ್ಲವೆಂದು ತಿಳಿದು ಎರಡೂ ತಮಗೆ ತಾವೇ 169.254 ಎಂದು ಶುರುವಾಗುವ ವಿಳಾಸ ಇಟ್ಟುಕೊಳ್ಳುತ್ತವೆ. ಹಳೆಯದರಲ್ಲಿ ಫೋಟೋಗಳ ಫೋಲ್ಡರನ್ನು ಹಂಚಿಕೆಗೆ ತೆರೆದಿಟ್ಟರೆ ಹೊಸದರಿಂದ ಅದನ್ನು ಎಳೆದುಕೊಳ್ಳಬಹುದು. ಇಂಟರ್ನೆಟ್ ಬೇಕಿಲ್ಲ.