ಬೇಲಿ ಕುಸಿದ ಹೊತ್ತು

ಊರಿಗೆ ಹೋದ ದಿನ ಅಪ್ಪ ಬಾಗಿಲಲ್ಲೇ ಕೇಳಿದರು, "ಬರೆದದ್ದೆಲ್ಲಾ ಹೋಯ್ತೇನೋ?" ಆರು ವರ್ಷದಿಂದ ಅವರು ನುಡಿ ತಂತ್ರಾಂಶದಲ್ಲಿ ಒಂದೊಂದೇ ಬೆರಳಿಟ್ಟು ಟೈಪ್ ಮಾಡಿದ ಊರಿನ ನೆನಪುಗಳು ಆ ಒಂದೇ ಕಂಪ್ಯೂಟರಿನಲ್ಲಿದ್ದವು. ಕೆರೆ ಒಡೆದ ವರ್ಷ, ಬರಗಾಲ, ತೀರಿಹೋದವರ ಹೆಸರುಗಳು. ಈಗ ಕಂಪ್ಯೂಟರ್ ಆನ್ ಮಾಡಿದ ಐದು ನಿಮಿಷಕ್ಕೆ ಆ್ಯಂಟಿವೈರಸ್ ನಿಂತುಹೋಗುತ್ತಿತ್ತು. ಅದರ ಹಿಂದೆಯೇ ನೀಲಿ ಪರದೆ, ಮತ್ತೆ ಮೊದಲಿನಿಂದ ಶುರು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತೇವೆ. ಇಲ್ಲಿ ಬೇಲಿ ಮೇಯ್ದಿರಲಿಲ್ಲ, ಪೈರಿನ ಮೇಲೆ ಕುಸಿದಿತ್ತು. ಕಾಯುವ ತಂತ್ರಾಂಶ ಬಿದ್ದರೆ ಇಡೀ ಯಂತ್ರ ಯಾಕೆ ಬೀಳಬೇಕು? ಉತ್ತರ ಹುಡುಕುತ್ತಾ ನಾನು ಐವತ್ತು ವರ್ಷ ಹಿಂದಕ್ಕೆ ಹೋದೆ.

1971ರಲ್ಲಿ ಅಮೆರಿಕದ ಬಿಬಿಎನ್ ಸಂಸ್ಥೆಯ ಬಾಬ್ ಥಾಮಸ್ ಎಂಬವರು ಅರ್ಪಾನೆಟ್ ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ಸರಿಯುವ 'ಕ್ರೀಪರ್' ಎಂಬ ಪ್ರಯೋಗ ಬರೆದರು. ಅದನ್ನು ಹುಡುಕಿ ಅಳಿಸಲು ಹುಟ್ಟಿದ್ದು 'ರೀಪರ್'. ಅದನ್ನು ಬರೆದವರು ಇಮೇಲ್‌ನ ಜನಕ ರೇ ಟಾಮ್ಲಿನ್ಸನ್. ಕುತೂಹಲವೆಂದರೆ ರೀಪರ್ ಕೂಡ ಕ್ರೀಪರ್‌ನಂತೆಯೇ ಜಾಲದಲ್ಲಿ ಓಡಾಡುತ್ತಿತ್ತು. ಮೊದಲ ಕಾವಲುಗಾರ ಕಳ್ಳನ ದಾರಿಯಲ್ಲೇ ನಡೆದಿದ್ದ.

1986ರಲ್ಲಿ ಲಾಹೋರಿನ ಅಲ್ವಿ ಸಹೋದರರು ಬರೆದ 'ಬ್ರೇನ್' ವೈರಸ್ ಫ್ಲಾಪಿಯ ಬೂಟ್ ಸೆಕ್ಟರ್‌ನಲ್ಲಿ ಕೂರುತ್ತಿತ್ತು. ಅದರೊಳಗೆ ಅವರ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವೂ ಇದ್ದವು. ತಮ್ಮ ವೈದ್ಯಕೀಯ ತಂತ್ರಾಂಶವನ್ನು ನಕಲು ಮಾಡುವವರನ್ನು ತಡೆಯಲು ಬರೆದೆವು ಎಂದರು ಅವರು. ಆ ಫ್ಲಾಪಿಯಿಂದ ಕಂಪ್ಯೂಟರ್ ಶುರುವಾದರೆ ಡಾಸ್‌ಗಿಂತ ಮೊದಲೇ ಬ್ರೇನ್ ಎದ್ದು ಕೂತಿರುತ್ತಿತ್ತು. ಇಂಥವರನ್ನು ಹಿಡಿಯಲು ಕಾವಲುಗಾರನೂ ಅಷ್ಟೇ ಆಳಕ್ಕೆ ಇಳಿಯಬೇಕಾಯಿತು. ಹೀಗೆ ಆ್ಯಂಟಿವೈರಸ್ ವಿಂಡೋಸ್‌ನ ತಿರುಳಾದ ಕರ್ನೆಲ್ ತನಕ ಹೋಯಿತು. ಸಾಮಾನ್ಯ ತಂತ್ರಾಂಶ ಮುಗ್ಗರಿಸಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನೆಲ್‌ನಲ್ಲಿ ಮುಗ್ಗರಿಸಿದರೆ ಮನೆಯೇ ಕುಸಿಯುತ್ತದೆ.

ಇನ್ನೊಂದು ತೊಡಕನ್ನು ಫ್ರೆಡ್ ಕೊಹೆನ್ 1984ರ ತಮ್ಮ ಪ್ರಬಂಧದಲ್ಲೇ ತೋರಿಸಿದ್ದರು: ಎಲ್ಲ ವೈರಸ್‌ಗಳನ್ನೂ ತಪ್ಪದೆ ಗುರುತಿಸುವ ಪ್ರೋಗ್ರಾಂ ಬರೆಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಕಾವಲುಗಾರನಿಗೆ ದಿನವೂ ಹೊಸ ಪಾಠ, ಅಂದರೆ ಅಪ್‌ಡೇಟ್ ಬೇಕು. ಪಾಠ ತಪ್ಪಿದರೆ? 2010ರ ಏಪ್ರಿಲ್ 21ರಂದು ಮೆಕಾಫಿಯ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅಗತ್ಯ ಕಡತವೊಂದನ್ನೇ ವೈರಸ್ ಎಂದು ಹಿಡಿಯಿತು. ಕಂಪ್ಯೂಟರುಗಳು ಆರಿ ಆರಿ ಹೊತ್ತಿಕೊಂಡವು. 2024ರ ಜುಲೈ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39ಕ್ಕೆ, ಕ್ರೌಡ್‌ಸ್ಟ್ರೈಕ್ ಒಂದು ಕಡತ ಕಳಿಸಿತು. 20 ಮೌಲ್ಯಗಳಷ್ಟೇ ಇದ್ದ ಕಡೆ ತಂತ್ರಾಂಶ 21ನೆಯದನ್ನು ಓದಲು ಹೋಯಿತು. 78 ನಿಮಿಷಗಳಲ್ಲಿ ಕಂಪನಿ ತಪ್ಪನ್ನು ತಿದ್ದಿತಾದರೂ ಅಷ್ಟರಲ್ಲಿ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು.

ಕ್ರೌಡ್‌ಸ್ಟ್ರೈಕ್ ಕಂಪನಿಗಳು ಬಳಸುವ ತಂತ್ರಾಂಶ, ಅಪ್ಪನ ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮದ್ದು ಎರಡು ಕಡೆಯೂ ಒಂದೇ: ಸೇಫ್ ಮೋಡ್. ಅಲ್ಲಿ ವಿಂಡೋಸ್ ತನಗೆ ಬೇಕೇ ಬೇಕಾದವರನ್ನು ಮಾತ್ರ ಕರೆದುಕೊಂಡು ಏಳುತ್ತದೆ, ಹೊರಗಿನ ಕಾವಲುಗಾರರನ್ನು ಎಬ್ಬಿಸುವುದಿಲ್ಲ. ಹಾಗೆ ತೆರೆದು, ರಿಪೇರಿಗೆ ಕೈ ಹಾಕುವ ಮೊದಲು ಅಪ್ಪನ ಕಡತಗಳನ್ನು ಪೆನ್ ಡ್ರೈವ್‌ಗೆ ನಕಲು ಮಾಡಿದೆ. ಆಮೇಲೆ ನೋಡಿದರೆ ಒಂದಲ್ಲ, ಎರಡು ಆ್ಯಂಟಿವೈರಸ್! ಹಳೆಯದನ್ನು ತೆಗೆಯದೆ ಯಾರೋ ಹೊಸದನ್ನು ಹಾಕಿಕೊಟ್ಟಿದ್ದರು. ಒಂದೇ ಕಡತವನ್ನು ಇಬ್ಬರೂ ತಡೆದು ತಪಾಸಣೆಗೆ ಎಳೆದಾಡುತ್ತಿದ್ದರು. ಹಳೆಯದನ್ನು ಬೇರುಸಹಿತ ತೆಗೆದೆ. ಸಂಜೆಯವರೆಗೂ ನೀಲಿ ಪರದೆ ಬರಲಿಲ್ಲ.

"ಹಂಗಾದ್ರೆ ಯಾರನ್ನ ನಂಬೋದು?" ಎಂದರು ಅಪ್ಪ. ನನ್ನ ಬಳಿ ಉತ್ತರವಿರಲಿಲ್ಲ. ಅವರು ಪೆನ್ ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ, ಹೊಲದ ಪತ್ರಗಳಿರುವ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.