ಕಟೌಟ್ ಹೋಗಿದೆ ಯಜಮಾನ್ರೆ!

ಕಟೌಟ್ ಅಂದ್ರೆ ಟಾಕೀಸಿನ ಮುಂದೆ ಹೂವಿನ ಹಾರ ಹಾಕಿಸಿಕೊಂಡು ನಿಲ್ಲೋ ಹೀರೋ ಅಂತಲೇ ನಾನು ತಿಳ್ಕೊಂಡಿದ್ದೆ. ಐದನೇ ಕ್ಲಾಸಲ್ಲಿದ್ದಾಗ ಅದರ ಇನ್ನೊಂದು ಅರ್ಥ ಗೊತ್ತಾಯ್ತು. ನಮ್ಮ ಮನೆಯ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಎರಡು ವರ್ಷದಲ್ಲಿ ಎರಡು ಬ್ಯಾಟರಿ ನುಂಗಿತ್ತು. ಎರಡನೇದಕ್ಕೆ ದುಡ್ಡು ಹೊಂದಿಸೋಕೆ ಅಪ್ಪ ಒಂದು ಹಸು ಮಾರಿದ್ದರು. ಮೂರೇ ತಿಂಗಳಿಗೆ ಅದರಲ್ಲೂ ನೀರು ಕುದ್ದು ಇಂಗಿ, ಪಕ್ಕದ ಕಬ್ಬಿಣವೆಲ್ಲ ಆಸಿಡ್ ತಿಂದು ತುಕ್ಕು ಹಿಡಿದಿತ್ತು. ಡ್ರೈವರ್ ನೋಡಿ "ಕಟೌಟ್ ಹೋಗಿದೆ ಯಜಮಾನ್ರೆ, ಹೊಸದು ತರಿಸಿ" ಅಂದ. ಅಮ್ಮ ಮಾತಾಡಲಿಲ್ಲ, ಕೊಟ್ಟಿಗೆಯಲ್ಲಿ ಉಳಿದಿದ್ದ ಇನ್ನೊಂದು ಹಸುವಿನ ಕಡೆ ನೋಡಿದಳು.

ನಮ್ಮ ಕಡೆ ಕಟೌಟ್ ಅಂತ ಕರೆಯೋದು ಡೈನಮೋದ ವೋಲ್ಟೇಜ್ ರೆಗ್ಯುಲೇಟರ್ ಇರುವ ಕರಿ ಡಬ್ಬಿಯನ್ನು. ಡೈನಮೋಗೆ ಬುದ್ಧಿ ಇಲ್ಲ. ಎಂಜಿನ್ ಜೋರಾಗಿ ತಿರುಗಿದಷ್ಟೂ ವೋಲ್ಟೇಜ್ ಏರಿಸುತ್ತಾ ಹೋಗುತ್ತದೆ. ಅದಕ್ಕೆ ಮೂಗುದಾರ ಹಾಕೋರು ಒಬ್ಬರು ಬೇಕು. ಆ ಮೂಗುದಾರ ಯಾರ ಕೈಲಿತ್ತು, ಯಾರ ಕೈಗೆ ಹೋಯ್ತು ಅನ್ನೋದೇ ಈ ಡಬ್ಬಿಯ ಚರಿತ್ರೆ.

ಮೊದಮೊದಲ ಕಾರುಗಳಿಗೆ ಈ ತಲೆನೋವೇ ಇರಲಿಲ್ಲ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡೋದು, ರಾತ್ರಿಗೆ ಕಾರ್ಬೈಡ್ ಗ್ಯಾಸಿನ ದೀಪ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಮರುವರ್ಷ ಜರ್ಮನಿಯ ಬಾಷ್ ಕಂಪನಿ ಡೈನಮೋ, ಬ್ಯಾಟರಿ, ಹೆಡ್‌ಲೈಟ್, ರೆಗ್ಯುಲೇಟರ್ ಎಲ್ಲ ಸೇರಿದ ದೀಪದ ಸೆಟ್ ಮಾರಲು ಶುರು ಮಾಡಿತು. ಬ್ಯಾಟರಿ ಬಂದ ಮೇಲೆ ಅದನ್ನು ಹಸಿವಿನಿಂದಲೂ ಕಾಯಬೇಕು, ಅಜೀರ್ಣದಿಂದಲೂ ಕಾಯಬೇಕು.

ಆದರೆ 1920ರ ದಶಕದ ಬಹಳಷ್ಟು ಕಾರುಗಳಲ್ಲಿ ಸರಿಯಾದ ರೆಗ್ಯುಲೇಟರ್ ಇರಲಿಲ್ಲ, ಡೈನಮೋದಲ್ಲಿ ಮೂರನೇ ಬ್ರಶ್ ಒಂದಿತ್ತು. ಅದು ಕರೆಂಟನ್ನು ಒಂದು ಮಟ್ಟಕ್ಕೆ ಹಿಡಿಯುತ್ತಿತ್ತೇ ಹೊರತು ಬ್ಯಾಟರಿಯ ಹೊಟ್ಟೆ ತುಂಬಿದೆಯೋ ಇಲ್ಲವೋ ನೋಡುತ್ತಿರಲಿಲ್ಲ. ನೋಡಬೇಕಾದವನು ಓಡಿಸುವವನೇ. ಚಳಿಗಾಲಕ್ಕೆ ಬ್ರಶ್ ಒಂದು ಕಡೆ ಸರಿಸಬೇಕು, ಬೇಸಿಗೆಗೆ ಇನ್ನೊಂದು ಕಡೆ. ಹಗಲಲ್ಲಿ ದೂರ ಹೋಗೋರು ಬ್ಯಾಟರಿ ಕುದಿಯದಿರಲಿ ಅಂತ ಸುಮ್ಮನೆ ಹೆಡ್‌ಲೈಟ್ ಉರಿಸಿಕೊಂಡು ಹೋಗ್ತಿದ್ದರು. ಬ್ಯಾಟರಿ ವೈರ್ ಕಳಚಿದರಂತೂ ವೋಲ್ಟೇಜ್ ಏರಿ ಬಲ್ಬುಗಳೆಲ್ಲ ಢಂ!

1930ರ ದಶಕದಲ್ಲಿ ಇಂಗ್ಲೆಂಡಿನ ಲೂಕಾಸ್ ಮುಂತಾದ ಕಂಪನಿಗಳ ರೆಗ್ಯುಲೇಟರ್ ಡಬ್ಬಿಗಳು ಸಾಮಾನ್ಯ ಕಾರುಗಳಿಗೂ ಬಂದವು. ಒಳಗೆ ಎರಡು ಪುಟ್ಟ ಸುರುಳಿ. ಒಂದು ನಿಜವಾದ ಕಟೌಟ್. ಎಂಜಿನ್ ನಿಧಾನವಾದಾಗ ಬ್ಯಾಟರಿಯ ಕರೆಂಟ್ ವಾಪಸ್ ಡೈನಮೋಗೆ ಹರಿಯದಂತೆ ಕೊಂಡಿ ಬಿಡಿಸುತ್ತದೆ. ಇನ್ನೊಂದು ರೆಗ್ಯುಲೇಟರ್. ವೋಲ್ಟೇಜ್ ಹೆಚ್ಚಾದರೆ ಆ ಸುರುಳಿ ಕಬ್ಬಿಣದ ತುಂಡನ್ನು ಎಳೆದು ಕಾಂಟ್ಯಾಕ್ಟ್ ಬಿಡಿಸುತ್ತದೆ, ಡೈನಮೋದ ಫೀಲ್ಡ್ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಹೋಗಬೇಕಾಗಿ ವೋಲ್ಟೇಜ್ ಇಳಿಯುತ್ತದೆ. ಇಳಿದರೆ ಸ್ಪ್ರಿಂಗ್ ಮತ್ತೆ ಕಾಂಟ್ಯಾಕ್ಟ್ ಕೂಡಿಸುತ್ತದೆ. ಸೆಕೆಂಡಿಗೆ ಹತ್ತಾರು ಬಾರಿ ಟಿಕ್ ಟಿಕ್ ಅಂತ ಇದೇ ಕೆಲಸ. ಆನ್, ಆಫ್ ಎರಡೇ ಗೊತ್ತಿರೋ ಒಂದು ತುಂಡು ಕಬ್ಬಿಣ, ಸರಾಸರಿಯಲ್ಲಿ ಬೇಕಾದಷ್ಟೇ ಕೊಡುತ್ತದೆ. ನಾನು ಬಿಇ ಓದುವಾಗ ಮೈಕ್ರೋಕಂಟ್ರೋಲರಿನಲ್ಲಿ ಮೋಟರ್ ವೇಗ ಹಿಡಿಯಲು ಬರೆದ ಪ್ರೋಗ್ರಾಂ ಮಾಡುತ್ತಿದ್ದದ್ದೂ ಇದೇ ಆನ್-ಆಫ್ ಆಟ.

ಈಗ ಕಾಳಜಿ ಡ್ರೈವರನ ಕೈಬಿಟ್ಟು ಮೆಕ್ಯಾನಿಕ್ ಕೈಗೆ ಬಂತು. ಡಬ್ಬಿಯಲ್ಲಿ ಸ್ಕ್ರೂ ಇತ್ತು, ಮುಚ್ಚಳ ತೆಗೆಯಬಹುದಿತ್ತು. 1950ರ ದಶಕದ ಕೊನೆಗೆ ಅಂಬಾಸಿಡರ್ ಬಂತು, 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್-ಟಿವಿಎಸ್ ಶುರುವಾಯ್ತು. ಸಣ್ಣಪುಟ್ಟ ಪೇಟೆಗಳಲ್ಲೂ ಆಟೋ ಎಲೆಕ್ಟ್ರಿಷಿಯನ್ ಅನ್ನೋ ಒಂದು ಕಸುಬು ಬೇರೂರಿತು.

ನಮ್ಮ ಪೇಟೆಯಲ್ಲಿ ಅಂಥವರೊಬ್ಬರಿದ್ದರು, ಎಲ್ಲರೂ ಡೈನಮೋ ಸಾಬ್ರು ಅಂತಿದ್ವಿ. ಅಪ್ಪ ಅವರನ್ನು ಕರ್ಕೊಂಡು ಬಂದರು. ಸಾಬ್ರು ಡಬ್ಬಿ ಮುಟ್ಟಲೇ ಇಲ್ಲ. ಮೊದಲು ಡೈನಮೋದ ಎರಡೂ ವೈರ್ ಬಿಚ್ಚಿ, ಅದರ ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಬಾಡಿಗೆ ಮೀಟರ್ ಹಿಡಿದರು. ಎಂಜಿನ್ ಮೆಲ್ಲಗೆ ಏರಿಸಿದಂತೆ ಮುಳ್ಳು ಅಲುಗದೆ ಏರಿತು. 20 ವೋಲ್ಟ್ ಮುಟ್ಟುವ ಮುಂಚೆಯೇ ಕೈ ಎತ್ತಿ ನಿಲ್ಲಿಸಿದರು. "ಡೈನಮೋ ಜೋರಾಗೈತೆ."

ವೈರ್ ಮತ್ತೆ ಹಾಕಿ, ಡಬ್ಬಿ ಮುಚ್ಚಳ ತೆಗೆದು, ಕಟೌಟಿನ ಕಾಂಟ್ಯಾಕ್ಟ್ ನಡುವೆ ನನ್ನ ನೋಟ್‌ಬುಕ್ಕಿನ ರಟ್ಟಿನ ಚೂರು ಸಿಕ್ಕಿಸಿದರು. ಹಾಗೆ ಮಾಡಿದರೆ ಬ್ಯಾಟರಿಯ ಸಂಬಂಧ ಕಡಿದು, ರೆಗ್ಯುಲೇಟರ್ ಒಂದರದೇ ಪರೀಕ್ಷೆ ಆಗುತ್ತದೆ. ಮುಳ್ಳು ಸುಮಾರು 16ಕ್ಕೆ ನಿಲ್ಲಬೇಕು, ಲೋಡ್ ಬಿದ್ದಾಗ ಅದು ತಾನೇ ಇಳಿಯುತ್ತದೆ. ನಿಲ್ಲಲಿಲ್ಲ, ಏರುತ್ತಲೇ ಇತ್ತು. ಡ್ರೈವರ್ "ನಾನ್ ಹೇಳ್ಲಿಲ್ವಾ" ಅನ್ನೋ ಹಾಗೆ ನಕ್ಕ. ಸಾಬ್ರು ಒಂದು ವೈರಿನ ತುದಿಯನ್ನು ಡಬ್ಬಿಯ ಇ ಟರ್ಮಿನಲ್‌ಗೆ, ಇನ್ನೊಂದನ್ನು ಎಂಜಿನ್ನಿಗೆ ಒತ್ತಿ ಹಿಡಿದರು. ಮುಳ್ಳು ತಟ್ಟನೆ ಇಳಿದು 16ರ ಹತ್ತಿರ ನಿಂತುಬಿಡ್ತು.

ಡಬ್ಬಿ ಹೋಗಿರಲಿಲ್ಲ. ಅದರ ಅರ್ತ್ ವೈರ್ ತುಕ್ಕು ಹಿಡಿದು ಹೋಗಿತ್ತು. ಅರ್ತ್ ಇಲ್ಲದೆ ಸುರುಳಿಗೆ ವೋಲ್ಟೇಜ್ ಎಷ್ಟಿದೆ ಅಂತ ತಿಳಿಯೋದೇ ಇಲ್ಲ, ಕಾಂಟ್ಯಾಕ್ಟ್ ಬಿಡಿಸೋದೂ ಇಲ್ಲ. ಸ್ಪಿರಿಟ್ ಹಚ್ಚಿ ಕಾಂಟ್ಯಾಕ್ಟ್ ಒರೆಸಿ, ಒಂದಡಿ ಹೊಸ ವೈರ್ ಹಾಕಿ ಹೋದರು. ಒಂದಡಿ ವೈರಿಗೆ ನಾವು ಒಂದು ಹಸು ಕಳ್ಕೊಂಡಿದ್ದೆವು.

ಆ ಕಾಲಕ್ಕೇ ಸಾಬ್ರ ವಿದ್ಯೆ ಹಳತಾಗಿತ್ತು. 1960ರಲ್ಲೇ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೊಟ್ಟಿತ್ತು. ಸಿಲಿಕಾನ್ ಡಯೋಡುಗಳು ಕರೆಂಟ್ ಹಿಂದೆ ಹರಿಯೋಕೆ ಬಿಡೋದಿಲ್ಲ, ಹಾಗಾಗಿ ಕಟೌಟ್ ಬೇಕಿಲ್ಲ. ಟಿಕ್ ಟಿಕ್ ಕಾಂಟ್ಯಾಕ್ಟಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂತು, ಆಮೇಲೆ ಆಲ್ಟರ್ನೇಟರಿನ ಒಳಗೇ ಕೂರುವ, ಸೀಲ್ ಮಾಡಿದ ಚಿಪ್ಪು. ಸವೆಯೋದಿಲ್ಲ, ನಿಖರವಾಗಿದೆ, ಚೆನ್ನಾಗಿದೆ. ಆದರೆ ಸ್ಕ್ರೂ ಇಲ್ಲ, ಮುಚ್ಚಳ ಇಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ಎಷ್ಟು ವೋಲ್ಟ್ ಬೇಕು ಅಂತ ತೀರ್ಮಾನ ಮಾಡೋದು ಎಂಜಿನ್ ಕಂಪ್ಯೂಟರು. ಮೂಗುದಾರ ಡ್ರೈವರಿಂದ ಮೆಕ್ಯಾನಿಕ್‌ಗೆ, ಅಲ್ಲಿಂದ ಫ್ಯಾಕ್ಟರಿಗೆ, ಕೊನೆಗೆ ನಮ್ಮಂಥ ಕೋಡ್ ಬರೆಯೋರ ಕೈಗೆ ಬಂದಿದೆ.

ಹೋದ ವರ್ಷ ಊರಿಗೆ ಹೋದಾಗ ಸಾಬ್ರು ಸಿಕ್ಕಿದ್ದರು. "ಈಗೇನೈತಪ್ಪ, ಬಿಚ್ಚೋದು, ಹೊಸದು ಹಾಕೋದು" ಅಂದರು. ಮಗ ಬ್ಯಾಟರಿ ಅಂಗಡಿ ಇಟ್ಟಿದ್ದಾನಂತೆ, ವ್ಯಾಪಾರ ಪರವಾಗಿಲ್ಲವಂತೆ.

ನಿಮ್ಮ ಗಾಡಿಯ ಬ್ಯಾಟರಿ ಪದೇ ಪದೇ ಸಾಯ್ತಿದ್ರೆ, ಹೊಸದು ಕೊಳ್ಳೋ ಮುಂಚೆ ಒಂದು ಮಲ್ಟಿಮೀಟರ್ ಹಿಡಿದು ನೋಡಿ. ಎಂಜಿನ್ ನಿಂತು ಒಂದಷ್ಟು ಹೊತ್ತಾದ ಮೇಲೆ 12.6ರ ಆಸುಪಾಸು, ಓಡುವಾಗ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಮೊದಲು ಅರ್ತ್ ವೈರ್ ನೋಡಿ. ಚಿಪ್ಪು ಬಂದರೂ ಅದು ಮಾತ್ರ ಇನ್ನೂ ತುಕ್ಕು ಹಿಡಿಯುತ್ತೆ.