ಕೋರಿಕೆಯ ಕಾರ್ಡಿನಿಂದ ಪ್ರೀಮಿಯರ್‌ವರೆಗೆ



ಹಬ್ಬ ಹತ್ತಿರ ಬಂದಾಗ ಗಾಯನ ತಂಡದವರು ಹೊಸ ಹಾಡಿನ ವಿಡಿಯೊವನ್ನು ಯೂಟ್ಯೂಬ್‌ನಲ್ಲಿ ಪ್ರೀಮಿಯರ್ ಮಾಡುವುದುಂಟು. 2018ರಲ್ಲಿ ಬಂದ ಈ ಸೌಲಭ್ಯದಲ್ಲಿ ದಿನ, ವೇಳೆಯನ್ನು ಮೊದಲೇ ತಿಳಿಸಬಹುದು. ಆ ವೇಳೆಗೆ ಎಲ್ಲರೂ ಒಟ್ಟಿಗೆ ಹಾಡು ನೋಡುತ್ತಾರೆ, ಪಕ್ಕದಲ್ಲೇ ಚಾಟ್ ನಡೆಯುತ್ತಿರುತ್ತದೆ. ಆದರೆ ದೂರದೂರದವರು ಒಂದೇ ಹೊತ್ತಿಗೆ ಒಂದೇ ಹಾಡಿಗೆ ಕಿವಿಗೊಡುವ ಅಭ್ಯಾಸ ರೇಡಿಯೊ ಕಾಲದ್ದು.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಗೇ ಸೇರಿತ್ತು. ನಿಜಾಮ್ ಸರ್ಕಾರ 1935ರಿಂದ ನಡೆಸಿದ ಡೆಕ್ಕನ್ ರೇಡಿಯೊದಲ್ಲಿ ಉರ್ದು, ತೆಲುಗು, ಮರಾಠಿಯ ಜೊತೆಗೆ ಕನ್ನಡವೂ ಕೇಳಿಬರುತ್ತಿತ್ತು. 1950ರಲ್ಲಿ ಅದನ್ನು ಆಕಾಶವಾಣಿ ವಹಿಸಿಕೊಂಡಿತು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಬಂಧುಬಳಗ ಎರಡು ರಾಜ್ಯಗಳಲ್ಲಿ ಹಂಚಿಹೋಯಿತು. ಹಾಡು ಮಾತ್ರ ಗಡಿ ದಾಟಿ ಬರುತ್ತಲೇ ಇತ್ತು.

ಆ ಕಾಲದ ರೇಡಿಯೊದವರು ಕೇಳುಗರನ್ನು ಹೇಗೆ ಹಿಡಿದಿಟ್ಟುಕೊಂಡರು? 1952ರಲ್ಲಿ ರೇಡಿಯೊ ಸಿಲೋನ್‌ನಲ್ಲಿ ಆರಂಭವಾದ ಬಿನಾಕಾ ಗೀತ್‌ಮಾಲಾದ ಅಮೀನ್ ಸಯಾನಿ ಕೇಳುಗರನ್ನು ಮನೆಯವರಂತೆ ಮಾತನಾಡಿಸಿದರು. ರಾಶಿರಾಶಿ ಪತ್ರಗಳು ಬಂದವು. 1957ರಲ್ಲಿ ವಿವಿಧ ಭಾರತಿ ಆರಂಭವಾಯಿತು. ಅದರ ಕೋರಿಕೆ ಕಾರ್ಯಕ್ರಮಗಳಲ್ಲಿ ಹಾಡಿಗೆ ಮೊದಲು ಕೇಳುಗರ ಹೆಸರು, ಊರು ಓದುತ್ತಿದ್ದರು. ಆಗಿನ ಬಿಹಾರದಲ್ಲಿದ್ದ, ಅಭ್ರಕದ ಗಣಿಗಳ ಸಣ್ಣ ಊರು ಝುಮ್ರಿ ತಲೈಯಾ ಬರೀ ಕಾರ್ಡು ಬರೆದೇ ದೇಶಕ್ಕೆಲ್ಲ ಪರಿಚಯವಾಯಿತು. ಹಾಡು ಮುಂಬೈಯದಾದರೂ, ತಮ್ಮ ಹೆಸರು ಕೇಳಿದವರಿಗೆ ಅದು ತಮ್ಮದೇ ಆಯಿತು.

ಪ್ರೀಮಿಯರ್‌ನ ಚಾಟ್ ಎಂದರೆ ಇಂದಿನ ಆ ಕಾರ್ಡು. ಅಲ್ಲಿ ಒಬ್ಬರು ತಮ್ಮ ಊರಿನ ಹೆಸರು ಹಾಕಿ ನಮಸ್ಕಾರ ಹೇಳಿ, ಯಾರೂ ಉತ್ತರಿಸದಿದ್ದರೆ, ಅವರು ಮುಂದಿನ ಸಲ ಬರುವುದು ಅನುಮಾನ. ಆದ್ದರಿಂದ ಹಾಡಿದವರೆಲ್ಲ ನೋಡುಗರ ಸಂಖ್ಯೆ ಎಣಿಸುತ್ತ ಕೂರದೆ, ಇಬ್ಬರು ಚಾಟ್‌ಗಾಗಿಯೇ ಇರಲಿ. ಹಾಡು ಶುರುವಾಗುವ ಮುಂಚಿನ ಎರಡು ನಿಮಿಷದ ಕೌಂಟ್‌ಡೌನ್‌ನಲ್ಲೇ ಬಂದವರನ್ನು ಹೆಸರು ಹಿಡಿದು ಸ್ವಾಗತಿಸಿ. ರಾಯಚೂರಿನ ಅತ್ತೆ, ಯಾದಗಿರಿಯ ಮಾವ, ಹೈದರಾಬಾದಿನಲ್ಲಿ ಕೆಲಸಕ್ಕಿರುವ ಅಣ್ಣ, ಎಲ್ಲರಿಗೂ ಒಂದು ಸಾಲು ಸಾಕು. ಹಾಡಿನ ಸಾಹಿತ್ಯ, ರಾಗ ಕೂರಿಸಿದವರ ವಿಷಯ ಯಾರಾದರೂ ಕೇಳಿದರೆ ಅಲ್ಲೇ ತಿಳಿಸಿ.

ಗಡಿಯ ಈ ಊರುಗಳಲ್ಲಿ ಇನ್ನೊಂದು ಮಾತೂ ಇದೆ. ಶಾಲೆಯಲ್ಲಿ ತೆಲುಗು, ಇಂಗ್ಲಿಷ್ ಓದುವ ಎಷ್ಟೋ ಮಕ್ಕಳಿಗೆ ಕನ್ನಡ ಮನೆಮಾತು ಮಾತ್ರ, ಬರೆಯುವ ಸಂದರ್ಭವೇ ಇಲ್ಲ. ಅವರು ತೆಲುಗು ಲಿಪಿಯಲ್ಲೇ ಕನ್ನಡ ಬರೆದರೂ ನಗಬೇಡಿ, ಕನ್ನಡದಲ್ಲೇ ಉತ್ತರಿಸಿ. ಅಜ್ಜಿಯೊಡನೆ ಆಡುವ ಮಾತಿಗೆ ಹೊರಗೂ ಒಂದು ಜಾಗವಿದೆ ಎಂದು ಅವರಿಗೆ ತಿಳಿಯಲಿ.

ಪ್ರೀಮಿಯರ್ ಮುಗಿದರೂ ವಿಡಿಯೊ ಅಲ್ಲೇ ಉಳಿಯುತ್ತದೆ. ತಡವಾಗಿ ಬಂದವರಿಗೂ ಉತ್ತರ ಕೊಡಿ.